ಕಬ್ಬಿನ ಹಂಗಾಮು ಮತ್ತು ಸದ್ದಿಲ್ಲದೆ ಸೋಲುವ ಎತ್ತುಗಳು: ಬಾಗಲಕೋಟೆ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ಹಾಗೂ ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆಯ ಉಪನಿರ್ದೇಶಕರಿಗೆ,

ಸಾದರ ನಮಸ್ಕಾರಗಳು.

ಕಬ್ಬು ನುರಿಸುವ ಹಂಗಾಮು ಆರಂಭವಾಗುವ ಮುನ್ನ ಜಿಲ್ಲಾಡಳಿತವು ಕಾರ್ಖಾನೆಗಳ ಪ್ರತಿನಿಧಿಗಳನ್ನೂ ರೈತ ಮುಖಂಡರನ್ನೂ ಇಲಾಖೆಗಳ ಅಧಿಕಾರಿಗಳನ್ನೂ ಒಂದೆಡೆ ಸೇರಿಸಿ ಸಭೆ ನಡೆಸುತ್ತದೆ. ಕಬ್ಬಿನ ದರ, ಹಿಂದಿನ ಬಾಕಿ, ತೂಕದ ಕಾಟಾಗಳ ತಪಾಸಣೆ, ರಸ್ತೆಯ ಗುಂಡಿಗಳು, ಟ್ರೇಲರ್‌ಗಳ ಹಿಂಬದಿಗೆ ಪ್ರತಿಫಲಕ ಅಂಟಿಸುವುದು, ಇವೆಲ್ಲ ಅಲ್ಲಿ ಚರ್ಚೆಗೆ ಬರುತ್ತವೆ. ಬರಬೇಕಾದ ವಿಷಯಗಳೇ ಹೌದು. ಆದರೆ ಕಬ್ಬು ಎಳೆಯುವ ಎತ್ತುಗಳ ಪ್ರಸ್ತಾಪ ಬರುವುದು ರಾತ್ರಿ ಚಕ್ಕಡಿಗೆ (ಎತ್ತಿನ ಗಾಡಿಗೆ) ವಾಹನ ಗುದ್ದಿದ ಅಪಘಾತದ ಮಾತು ಬಂದಾಗ ಮಾತ್ರ. ಅವುಗಳಿಗೆ ನೀರು, ನೆರಳು, ವಿಶ್ರಾಂತಿ ಸಿಗುತ್ತದೆಯೇ, ನಾಲ್ಕೈದು ತಿಂಗಳು ಬಿಡುವಿಲ್ಲದೆ ದುಡಿದ ಮೇಲೆ ಅವುಗಳ ನಡವಳಿಕೆಯಲ್ಲಿ ಏನು ಬದಲಾಗಿದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಈ ವರ್ಷದ ಸಭೆಯ ವಿಷಯಪಟ್ಟಿಗೆ ಅದೊಂದನ್ನು ಸೇರಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕೃಷ್ಣಾ ಮತ್ತು ಘಟಪ್ರಭಾ ದಂಡೆಯ ತಾಲ್ಲೂಕುಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದ ಪಶುವೈದ್ಯ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಟ್ರ್ಯಾಕ್ಟರ್‌ಗಳು ಎಷ್ಟೇ ಹೆಚ್ಚಿದ್ದರೂ ಟೈರಿನ ಚಕ್ಕಡಿಗಳು ಪೂರ್ತಿ ಮರೆಯಾಗಿಲ್ಲ. ಟ್ರ್ಯಾಕ್ಟರ್ ಇಳಿಯಲಾಗದ ಹೊಲಗಳಿಂದ ಮತ್ತು ಕಾರ್ಖಾನೆಗೆ ಹತ್ತಿರದ ಊರುಗಳಿಂದ ಕಬ್ಬು ಇಂದಿಗೂ ಎತ್ತಿನ ಹೆಗಲ ಮೇಲೆಯೇ ಬರುತ್ತದೆ. ಪಕ್ಕದ ವಿಜಯಪುರ ಜಿಲ್ಲೆಯಿಂದಲೂ ಗಡಿಯಾಚೆಯ ಮಹಾರಾಷ್ಟ್ರದಿಂದಲೂ ಕಟಾವಿನ ಕುಟುಂಬಗಳು ಎತ್ತು, ಚಕ್ಕಡಿ, ಮಕ್ಕಳು ಸಮೇತ ಬಂದು ಕಾರ್ಖಾನೆಯ ಸುತ್ತ ಗುಡಿಸಲು ಹಾಕುತ್ತವೆ. ನಸುಕಿನಲ್ಲಿ ಹೊಲಕ್ಕೆ ಹೋದ ಎತ್ತು ಹೇರು ಎಳೆದುಕೊಂಡು ಕಾರ್ಖಾನೆಯ ಅಂಗಳಕ್ಕೆ ಬಂದು, ಅಲ್ಲಿ ಸರದಿಯಲ್ಲಿ ನಿಂತು, ಹೇರು ಇಳಿದ ಮೇಲೆ ರಾತ್ರಿ ಗುಡಿಸಲಿಗೆ ಮರಳಿ, ಮರುದಿನ ನಸುಕಿನಲ್ಲಿ ಮತ್ತೆ ನೊಗಕ್ಕೆ ಹೆಗಲು ಕೊಡುತ್ತದೆ.

ದುಡಿಮೆಯೇ ಕ್ರೌರ್ಯವೆಂದು ವಾದಿಸುವವನು ನಾನಲ್ಲ. ಹೊಟ್ಟೆ ತುಂಬ ಮೇವು, ದುಡಿತಕ್ಕೆ ತಕ್ಕ ಬಿಡುವು, ಗುರುತಿನ ಯಜಮಾನ ಇದ್ದರೆ ಖಿಲಾರಿ ತಳಿಯ ಎತ್ತು ದುಡಿಯುತ್ತಲೇ ಚೆನ್ನಾಗಿ ಬಾಳುತ್ತದೆ. ಬಿಡುವೇ ಇಲ್ಲದಾಗ ಅದರ ದೇಹದಲ್ಲಿ ಏನಾಗುತ್ತದೆ ಎಂಬುದು ಬೇರೆ ವಿಷಯ, ಮತ್ತು ನಮ್ಮ ಆಡಳಿತಕ್ಕೆ ಅದು ಇನ್ನೂ ಕಂಡಿಲ್ಲ.

ಪ್ರಾಣಿಯೊಂದು ಬೆದರಿದಾಗ ಅಥವಾ ನೋವುಂಡಾಗ ಮಿದುಳಿನಿಂದ ಹೊರಟ ಸೂಚನೆ ಪಿಟ್ಯುಟರಿ ಗ್ರಂಥಿಯ ಮೂಲಕ ಮೂತ್ರಪಿಂಡಗಳ ಬಳಿಯಿರುವ ಅಡ್ರಿನಲ್ ಗ್ರಂಥಿಗಳನ್ನು ತಲುಪುತ್ತದೆ. ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಸ್ನಾಯುಗಳಿಗೆ ಸಕ್ಕರೆಯಂಶ ಒದಗುತ್ತದೆ. ಆ ಹೊತ್ತಿಗೆ ತುರ್ತಿಲ್ಲದ ಜೀರ್ಣಕ್ರಿಯೆ, ಸಂತಾನಕ್ರಿಯೆ, ಬೆಳವಣಿಗೆಗಳು ಹಿಂದೆ ಸರಿಯುತ್ತವೆ. ಗಳಿಗೆ ಹೊತ್ತಿನ ಒತ್ತಡಕ್ಕೆ ಇದು ಒಳ್ಳೆಯ ಏರ್ಪಾಡು. ಆದರೆ ಒತ್ತಡ ತೀರದೇ ಹೋದರೆ ಅದೇ ಏರ್ಪಾಡು ಪ್ರಾಣಿಯನ್ನು ಒಳಗಿನಿಂದ ಸವೆಸುತ್ತದೆ. 1936ರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳ ಮೇಲಿನ ಪ್ರಯೋಗಗಳಿಂದ ಇದರ ಮೂರು ಹಂತಗಳನ್ನು ವಿವರಿಸಿದರು: ಮೊದಲು ದೇಹ ಎಚ್ಚೆತ್ತು ಪ್ರತಿಭಟಿಸುತ್ತದೆ, ಬಳಿಕ ಒಗ್ಗಿದಂತೆ ತಡೆದುಕೊಳ್ಳುತ್ತದೆ, ಕೊನೆಗೆ ಬಸವಳಿಯುತ್ತದೆ. ನಮ್ಮ ಗಮನ ತಪ್ಪುವುದು ಎರಡನೆಯ ಹಂತದಲ್ಲಿ. ಮೊದಲ ಹಂತದ ಎತ್ತು ಬುಸುಗುಡುತ್ತದೆ, ಹಗ್ಗ ಜಗ್ಗುತ್ತದೆ, ಆದ್ದರಿಂದ ಎಲ್ಲರಿಗೂ ಕಾಣುತ್ತದೆ. ಮೂರನೆಯ ಹಂತದ್ದು ನೆಲಕ್ಕೆ ಬೀಳುತ್ತದೆ, ಆಗ ಪಶು ಸಹಾಯವಾಣಿ 1962ಕ್ಕೆ ಕರೆ ಹೋಗುತ್ತದೆ, ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾ ವಾಹನ ಬರುತ್ತದೆ. ನಡುವಿನ ಹಂತದ ಎತ್ತು ಏನೂ ಮಾಡದೆ ನಿಂತಿರುವುದರಿಂದ ಅದಕ್ಕೆ ಏನೂ ಆಗಿಲ್ಲವೆಂದು ತಿಳಿಯುತ್ತೇವೆ.

ದನದ ಸಂತೆಯಲ್ಲಿ ಹಂಗಾಮು ಮುಗಿಸಿ ಬಂದ ಜೋಡಿಯನ್ನು ತೋರಿಸಿ, "ಭಾಳ ಸಾಧು ಅದಾವ್ರಿ, ಸಣ್ಣ ಹುಡುಗ್ರೂ ಹೂಡಬಹುದು" ಎಂದು ಹೇಳುವುದನ್ನು ಕೇಳಿದ್ದೇವೆ. ಅವುಗಳಲ್ಲಿ ನಿಜವಾಗಿ ಶಾಂತ ಸ್ವಭಾವದ ಎತ್ತುಗಳೂ ಇರುತ್ತವೆ. ಆದರೆ ಹತ್ತಿರ ಹೋಗಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಶಾಂತವಾದ ಎತ್ತು ಅಪರಿಚಿತ ಸದ್ದಿನ ಕಡೆಗೆ ಕಿವಿ ತಿರುಗಿಸುತ್ತದೆ, ಮೈ ಮೇಲೆ ಕೂತ ನೊಣವನ್ನು ಬಾಲದಿಂದ ಓಡಿಸುತ್ತದೆ, ಮುಂದೆ ಹಿಡಿದ ಮೇವನ್ನು ಮೂಸುತ್ತದೆ, ಜೊತೆಯ ಎತ್ತಿನ ಕುತ್ತಿಗೆ ನೆಕ್ಕುತ್ತದೆ. ಒತ್ತಡದಲ್ಲಿ ಸೋತದ್ದು ತಲೆ ತಗ್ಗಿಸಿ ಕಿವಿ ಜೋಲು ಬಿಟ್ಟು ನಿಲ್ಲುತ್ತದೆ. ಕಣ್ಣಂಚಿಗೆ ನೊಣ ಮುತ್ತಿದರೂ ಕದಲುವುದಿಲ್ಲ. ಹೊಡೆದರೆ ಮೊದಲಿನಂತೆ ಬೆಚ್ಚುವುದೂ ಇಲ್ಲ. ತಾನು ಏನು ಮಾಡಿದರೂ ಪರಿಸ್ಥಿತಿ ಬದಲಾಗದು ಎಂದು ಅನುಭವದಿಂದ ಕಲಿತ ಪ್ರಾಣಿ ಪ್ರತಿಕ್ರಿಯಿಸುವುದನ್ನೇ ಬಿಡುತ್ತದೆ. ದನಕುರಿಗಳು ಮೂಲತಃ ಬೇಟೆಗೆ ಗುರಿಯಾಗುತ್ತಿದ್ದ ಪ್ರಾಣಿಗಳಾದ್ದರಿಂದ ನೋವನ್ನು ಹೊರಗೆ ತೋರಿಸದಿರುವುದು ಅವುಗಳ ಹುಟ್ಟುಗುಣವೂ ಹೌದು. ಈ ಎರಡೂ ಸೇರಿದಾಗ ತೀರ ಸಂಕಟದಲ್ಲಿರುವ ಎತ್ತೇ ಸಂತೆಯಲ್ಲಿ ಒಳ್ಳೆಯ ಎತ್ತೆನಿಸಿಕೊಳ್ಳುತ್ತದೆ.

ಎಲ್ಲ ಎತ್ತುಗಳೂ ಹೀಗೆ ಮಂಕಾಗುವುದಿಲ್ಲ. ಕೆಲವು ಕೊಂಬಿನಿಂದ ಹಾಯತೊಡಗುತ್ತವೆ, ಒದೆಯತೊಡಗುತ್ತವೆ, ನೊಗ ಎತ್ತಿದ ಕೂಡಲೇ ಹಿಂದೆ ಸರಿಯುತ್ತವೆ. ವರ್ಷಗಟ್ಟಲೆ ಸೌಮ್ಯವಾಗಿದ್ದ ಎತ್ತು ಹಂಗಾಮಿನ ನಡುವೆ ಏಕಾಏಕಿ ಹಾಯತೊಡಗಿತೆಂದರೆ ನಾನು ಮೊದಲು ನೋಡುತ್ತಿದ್ದುದು ಅದರ ಹೆಗಲನ್ನು, ಬಳಿಕ ಗೊರಸನ್ನು. ನೊಗ ಉಜ್ಜಿ ಹೆಗಲು ಬಾತಿರುತ್ತದೆ ಇಲ್ಲವೇ ಡಾಂಬರು ರಸ್ತೆಯಲ್ಲಿ ಲಾಳ ಸವೆದು ಗೊರಸಿನೊಳಗೆ ನೋವಿರುತ್ತದೆ. ಅದನ್ನು ಬಾರಕೋಲಿನಿಂದ ತಿದ್ದಲು ಹೊರಟಾಗ ನೋವಿನ ಮೇಲೆ ಭಯವೂ ಸೇರಿ ನಡವಳಿಕೆ ಮತ್ತಷ್ಟು ಕೆಡುತ್ತದೆ. ಇನ್ನು ಕೆಲವು ದನಗಳು ಬಾಯಲ್ಲಿ ಮೇವಿಲ್ಲದಿದ್ದರೂ ನಾಲಿಗೆಯನ್ನು ಹೊರಚಾಚಿ ಸುತ್ತಿ ಸುತ್ತಿ ಆಡಿಸುತ್ತವೆ, ಗ್ವಾದಲಿಯ (ಮೇವು ಹಾಕುವ ತೊಟ್ಟಿಯ) ಅಂಚನ್ನೋ ಚಕ್ಕಡಿಯ ಕಟ್ಟಿಗೆಯನ್ನೋ ನೆಕ್ಕುತ್ತಲೇ ಇರುತ್ತವೆ. ಅರ್ಥವಿಲ್ಲದೆ ಮರಳಿ ಮರಳಿ ನಡೆಯುವ ಇಂಥ ಚಲನೆಗಳು ಕಿರಿದಾದ ಗೂಡಿನಲ್ಲಿಟ್ಟ ಹಂದಿಗಳು ಕಂಬಿ ಕಚ್ಚುವುದರಲ್ಲಿಯೂ ಲಾಯದಲ್ಲಿಯೇ ಕಟ್ಟಿಹಾಕಿದ ಕುದುರೆಗಳು ಅತ್ತಿತ್ತ ತೂಗಾಡುವುದರಲ್ಲಿಯೂ ಕಂಡುಬರುತ್ತವೆ. ನೆಕ್ಕುವುದಕ್ಕೆ ಖನಿಜದ ಕೊರತೆಯೂ ಕಾರಣವಿರಬಹುದಾದ್ದರಿಂದ ಎರಡನ್ನೂ ಪರೀಕ್ಷಿಸಬೇಕು. ಖನಿಜ ಮಿಶ್ರಣ ಬರೆದುಕೊಟ್ಟು ಕೈತೊಳೆದುಕೊಂಡರೆ ಅರ್ಧ ಕೆಲಸವಷ್ಟೇ ಆಗುತ್ತದೆ.

ಎಲ್ಲಕ್ಕಿಂತ ಮೊದಲು ಕೆಡುವುದು ಮಲಗುವುದು ಮತ್ತು ಮೆಲುಕು ಹಾಕುವುದು. ನೆಮ್ಮದಿಯಿಂದಿರುವ ದನ ದಿನಕ್ಕೆ ಆರೇಳು ಗಂಟೆಗಳಷ್ಟಾದರೂ ಮೆಲುಕು ಹಾಕುತ್ತದೆ, ಅದರಲ್ಲಿ ಬಹುಪಾಲು ಮಲಗಿಕೊಂಡೇ. ಹೈನಿನ ಹಸುಗಳು ದಿನಕ್ಕೆ 10ರಿಂದ 12 ಗಂಟೆ ಮಲಗಬಯಸುತ್ತವೆ, ಮತ್ತು ಮೇವು, ವಿಶ್ರಾಂತಿ ಎರಡನ್ನೂ ತಪ್ಪಿಸಿ ಬಳಿಕ ಆಯ್ಕೆ ಕೊಟ್ಟರೆ ಮೇವಿಗಿಂತ ಮಲಗುವುದಕ್ಕೇ ಮೊದಲ ಸ್ಥಾನ ಕೊಡುತ್ತವೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ದನಗಳಿಗೆ ನಿದ್ರೆಯ ಕನಸಿನ ಹಂತ ಬರುವುದು ಮಲಗಿದಾಗ ಮಾತ್ರ. ಈಗ ಕಾರ್ಖಾನೆಯ ಅಂಗಳವನ್ನು ನೆನೆಸಿಕೊಳ್ಳಿ. ಚಕ್ಕಡಿಯವರು ಕೊಳ್ಳು ಹರಿದು, ಅಂದರೆ ನೊಗದಿಂದ ಬಿಚ್ಚಿ, ಎತ್ತುಗಳನ್ನು ಗಾಲಿಗೆ ಕಟ್ಟುತ್ತಾರೆ, ರವದಿಯನ್ನೋ (ಕಬ್ಬಿನ ಒಣ ಎಲೆ) ಕಬ್ಬಿನ ತುದಿಯನ್ನೋ ಮುಂದೆ ಹಾಕುತ್ತಾರೆ. ಎತ್ತು ಮಂಡಿಯೂರಿ ಮಲಗುವಷ್ಟರಲ್ಲಿ ಸರದಿ ನಾಲ್ಕು ಗಾಡಿಗಳಷ್ಟು ಮುಂದೆ ಸರಿಯುತ್ತದೆ, ಅದನ್ನು ಎಬ್ಬಿಸಿ ಮತ್ತೆ ಹೂಡಬೇಕಾಗುತ್ತದೆ. ರಾತ್ರಿಯಿಡೀ ಹೀಗೆ ನಡೆದರೆ ಎತ್ತಿಗೆ ಬಿಡುವು ಸಿಕ್ಕಿತೆಂದು ನಾವು ಎಣಿಸುತ್ತೇವೆ, ಎತ್ತಿಗೆ ಸಿಕ್ಕಿರುವುದಿಲ್ಲ. ಕಣ್ಣಿಗೆ ರಾಚುವ ದೀಪಗಳು, ಹಾರ್ನ್‌ಗಳು, ಟ್ರ್ಯಾಕ್ಟರ್‌ಗಳ ಮೇಲಿನ ಧ್ವನಿವರ್ಧಕಗಳ ಅಬ್ಬರ ಬೇರೆ. ಮನುಷ್ಯನ ಕಿವಿಗೆ ಕೇಳುವ ಸದ್ದಿನ ಮೇಲ್ಮಿತಿ ಸುಮಾರು 20 ಕಿಲೋಹರ್ಟ್ಸ್ ಆದರೆ ದನದ ಕಿವಿ ಸುಮಾರು 35 ಕಿಲೋಹರ್ಟ್ಸ್‌ವರೆಗಿನ ಸದ್ದನ್ನು ಗ್ರಹಿಸುತ್ತದೆ. ಅಂದರೆ ನಮಗೆ ಕೇಳದ ಕಿರುಗುಟ್ಟುವಿಕೆಯೂ ಅದಕ್ಕೆ ಕೇಳುತ್ತಿರುತ್ತದೆ. (ಆ ಹಾಡುಗಳು ಚಾಲಕರಿಗೆ ನಿದ್ದೆ ಬಾರದಿರಲೆಂದು ಎಂಬ ಸಮರ್ಥನೆ ನನಗೆ ಗೊತ್ತು. ಅಂಗಳದೊಳಗೆ ನಿಂತ ಟ್ರ್ಯಾಕ್ಟರಿಗೆ ಅದು ಅನ್ವಯಿಸುವುದಿಲ್ಲ.)

"ರಕ್ತ ಪರೀಕ್ಷೆ ಮಾಡಿಸಿದರೆ ಒತ್ತಡ ತಿಳಿಯುವುದಿಲ್ಲವೇ?" ಎಂದು ಅಧಿಕಾರಿಗಳು ಕೇಳಬಹುದು. ಸುಲಭವಾಗಿ ತಿಳಿಯುವುದಿಲ್ಲ. ಅಪರಿಚಿತರು ಹಿಡಿದು ಸೂಜಿ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಕಾರ್ಟಿಸಾಲ್ ಏರುವುದರಿಂದ ಆರೋಗ್ಯವಂತ ಎತ್ತಿನಲ್ಲಿಯೂ ಅದು ಹೆಚ್ಚು ಕಂಡೀತು. ಅದಕ್ಕಿಂತ ಮುಖ್ಯವಾಗಿ, ಒತ್ತಡ ವಾರಗಟ್ಟಲೆ, ತಿಂಗಳುಗಟ್ಟಲೆ ಮುಂದುವರಿದಾಗ ಆ ವ್ಯವಸ್ಥೆಯೇ ಮಂದವಾಗಿ ಪ್ರಮಾಣ ಸಾಮಾನ್ಯ ಮಟ್ಟದಲ್ಲಿ, ಕೆಲವೊಮ್ಮೆ ಅದಕ್ಕಿಂತ ಕೆಳಗೆ ಕಾಣಬಹುದು. ಕೂದಲಿನಲ್ಲಿ ಸಂಗ್ರಹವಾದ ಕಾರ್ಟಿಸಾಲ್ ಅಳೆದರೆ ಕಳೆದ ಕೆಲವು ವಾರಗಳ ಚಿತ್ರ ಸ್ವಲ್ಪ ಸಿಗುತ್ತದೆ, ಆದರೆ ಅದು ಪ್ರಯೋಗಾಲಯದ ಕೆಲಸ. ತಾಲ್ಲೂಕು ಮಟ್ಟದಲ್ಲಿ ನಮ್ಮ ಕೈಯಲ್ಲಿರುವ ಉಪಕರಣವೆಂದರೆ ಬಲ್ಲವರ ಕಣ್ಣು. ಮಲಗುತ್ತದೆಯೇ, ಮೆಲುಕು ಹಾಕುತ್ತದೆಯೇ, ಕಿವಿ ಆಡಿಸುತ್ತದೆಯೇ, ಕೈ ಮುಂದೆ ಮಾಡಿದರೆ ಹತ್ತಿರ ಬರುತ್ತದೆಯೇ ಅಥವಾ ಕಣ್ಣಿನ ಬಿಳಿ ಕಾಣುವಂತೆ ಹಿಂದೆ ಸರಿಯುತ್ತದೆಯೇ ಎಂಬಿಷ್ಟನ್ನು ಬರೆದಿಟ್ಟುಕೊಂಡರೆ ಸಾಕು. ಗಾಯ, ಜ್ವರ, ಭೇದಿ ಕಾಣಿಸಿಕೊಳ್ಳುವ ಮೊದಲೇ ಇವು ಕಾಣಿಸುತ್ತವೆ. ಒತ್ತಡ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಿಂದ, ಬೇರೆ ಬೇರೆ ಊರುಗಳ ಎತ್ತುಗಳು ಒಂದೇ ಅಂಗಳದಲ್ಲಿ ಸೇರುವ ಹಂಗಾಮಿನಲ್ಲಿ ಈ ಎಚ್ಚರ ಇಲಾಖೆಗೂ ಅನುಕೂಲ. 2022ರಲ್ಲಿ ಚರ್ಮಗಂಟು ರೋಗ ಉತ್ತರ ಕರ್ನಾಟಕದ ದನಗಳನ್ನು ಹೇಗೆ ಕಾಡಿತೆಂಬುದನ್ನು ತಮಗೆ ನೆನಪಿಸಬೇಕಿಲ್ಲ.

ದನಕ್ಕೆ ಮನಸ್ಸೆಂಬುದುಂಟೇ ಎಂದು ನಗುವವರೂ ಇದ್ದಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಕರುಗಳಿಗೆ ಎರಡು ಬಣ್ಣಗಳ ಪರದೆಗಳನ್ನು ಕಲಿಸಲಾಗಿತ್ತು: ಒಂದರ ಬಳಿ ಹೋದರೆ ಹಾಲು, ಇನ್ನೊಂದರ ಬಳಿ ಹೋದರೆ ಶಿಕ್ಷೆಯ ಕಾಯುವಿಕೆ. ಬಳಿಕ ಎರಡರ ನಡುವಿನ ಬಣ್ಣಗಳನ್ನು ತೋರಿಸಿದಾಗ, ಕಾಯಿಸಿದ ಕಬ್ಬಿಣದಿಂದ ಕೊಂಬಿನ ಮೊಳಕೆ ಸುಡಿಸಿಕೊಂಡ ಕರುಗಳು ಸುಡುವುದಕ್ಕೆ ಮೊದಲಿಗಿಂತ ಕಡಿಮೆ ಬಾರಿ ಮುಂದೆ ಹೋದವು. ನೋವುಂಡ ಪ್ರಾಣಿ ಸಂದಿಗ್ಧವಾದದ್ದನ್ನೆಲ್ಲ ಕೆಟ್ಟದ್ದೆಂದೇ ಎಣಿಸುತ್ತದೆ ಎಂದರ್ಥ. ಬಾವು ಬಂದರೆ, ಕುಂಟಿದರೆ ಎತ್ತಿಗೆ ಬರೆ ಹಾಕುವ ರೂಢಿ ಇನ್ನೂ ಉಳಿದಿರುವ ನಮ್ಮ ಭಾಗದಲ್ಲಿ ಇದನ್ನು ಹಳ್ಳಿಗಳಲ್ಲಿ ಜಾನುವಾರು ಸಾಕುವವರಿಗೆ ನೆರವಾಗುವ ಪಶು ಸಖಿಯರ ತರಬೇತಿಯಲ್ಲಾದರೂ ಹೇಳಬೇಕು.

ಚಕ್ಕಡಿ ಹೊಡೆಯುವವರ ಮೇಲೆ ತಪ್ಪು ಹೊರಿಸುವುದು ನನ್ನ ಉದ್ದೇಶವಲ್ಲ. ಕಟಾವಿನ ಕುಟುಂಬ ಹಂಗಾಮಿಗೆ ಮೊದಲೇ ಮುಂಗಡ ಪಡೆದಿರುತ್ತದೆ. ಎಳೆದ ಟನ್ನುಗಳ ಲೆಕ್ಕದಲ್ಲಿ ಅದು ತೀರಬೇಕು. ಒಂದು ದಿನ ಎತ್ತು ನಿಂತರೆ ಒಲೆಯೂ ನಿಂತೀತು. ಆ ಕುಟುಂಬದ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಇಲ್ಲದ ನಿದ್ದೆ ಎತ್ತಿಗೆ ಎಲ್ಲಿಂದ ಬರಬೇಕು? ಆದರೂ ಮನುಷ್ಯನ ಕೈಯಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. ಆಸ್ಟ್ರೇಲಿಯಾದ ಪಾಲ್ ಹೆಮ್ಸ್‌ವರ್ತ್ ಮತ್ತು ಅವರ ಸಂಗಡಿಗರು ಹಂದಿ ಮತ್ತು ಹೈನು ದನಗಳ ಮೇಲೆ ದೀರ್ಘಕಾಲ ನಡೆಸಿದ ಅಧ್ಯಯನಗಳ ಪ್ರಕಾರ, ಗದರಿ ಹೊಡೆದು ನೋಡಿಕೊಳ್ಳುವವರ ಕೈಯ ಪ್ರಾಣಿಗಳು ಮನುಷ್ಯರನ್ನು ಕಂಡರೆ ಹೆಚ್ಚು ದೂರ ಸರಿಯುತ್ತವೆ, ಅವುಗಳ ಬೆಳವಣಿಗೆಯೂ ಹಾಲೂ ಕಡಿಮೆಯಾಗುತ್ತವೆ. ಹಸು ಹೊಡೆದವರನ್ನೂ ಮೈ ಸವರಿದವರನ್ನೂ ಬೇರ್ಪಡಿಸಿ ಗುರುತಿಸುತ್ತದೆ.

ಹೈನುಗಾರಿಕೆಯ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಸಾಗುತ್ತೇನೆ, ಏಕೆಂದರೆ ಅದು ಪ್ರತ್ಯೇಕ ಪತ್ರಕ್ಕಾಗುವಷ್ಟು ದೊಡ್ಡ ವಿಷಯ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ತಗಡಿನ ಕೊಟ್ಟಿಗೆಯೊಳಗೆ ಕಟ್ಟಿದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳು ಮಲಗುವುದನ್ನು ಬಿಟ್ಟು ನಿಂತೇ ಏದುಸಿರು ಬಿಡುತ್ತವೆ, ಏಕೆಂದರೆ ನಿಂತಾಗ ಮೈಯ ಶಾಖ ಹೆಚ್ಚು ಹೊರಹೋಗುತ್ತದೆ. ಎಮ್ಮೆಗಳಿಗೆ ಬೆವರು ಗ್ರಂಥಿಗಳು ಕಡಿಮೆ, ಮೈ ಕಪ್ಪು. ಹೊಂಡದಲ್ಲಿ ಹೊರಳಲು ಬಿಡದಿದ್ದರೆ ಅವುಗಳ ಸಂಕಟ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಮೂಕ ಬೆದೆ (ಹೊರಗೆ ಲಕ್ಷಣ ಕಾಣದ ಬೆದೆ) ಹೆಚ್ಚುವುದಕ್ಕೂ, ಎಷ್ಟು ಸಲ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಮಾಡಿಸಿದರೂ ಗಬ್ಬ ನಿಲ್ಲುತ್ತಿಲ್ಲವೆಂಬ ದೂರಿಗೂ ಈ ಶಾಖದ ಒತ್ತಡ ದೊಡ್ಡ ಕಾರಣ. ಬೆದರಿದ ಹಸು ಹಾಲು ಇಳಿಸದಿರುವುದೂ ಹಾಗೆಯೇ: ಭಯದಲ್ಲಿ ಸ್ರವಿಸುವ ಅಡ್ರಿನಲಿನ್, ಹಾಲಿಳಿಸುವ ಆಕ್ಸಿಟೋಸಿನ್‌ನ ಕೆಲಸವನ್ನು ತಡೆಯುತ್ತದೆ. ಅದಕ್ಕೆ ಆಕ್ಸಿಟೋಸಿನ್ ಚುಚ್ಚುವುದು ಪರಿಹಾರವಲ್ಲ, ಅಪರಾಧ.

ಮತ್ತೆ ಎತ್ತಿಗೆ ಬರುತ್ತೇನೆ. ನಾನು ಕೇಳುತ್ತಿರುವುದಕ್ಕೆ ಹೊಸ ಕಾನೂನು ಬೇಕಿಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ 1965ರಲ್ಲಿಯೇ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿ ಪ್ರತ್ಯೇಕ ನಿಯಮಗಳಾಗಿವೆ. ಅವುಗಳ ಪ್ರಕಾರ ಎತ್ತನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ಮತ್ತು ಬಿಡುವಿಲ್ಲದೆ ಸತತ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ಮೊಳೆ ಹೊಡೆದ ಕೋಲು, ಚುಚ್ಚುವ ನೊಗ ಬಳಸುವಂತಿಲ್ಲ. ಎತ್ತಿನ ಗಾತ್ರ ಮತ್ತು ಗಾಲಿಯ ಬಗೆ ನೋಡಿ ಹೇರಿನ ತೂಕಕ್ಕೂ ಮಿತಿಯಿದೆ. ಹೇರಿನ ಮಿತಿ ಮೀರಿದೆಯೇ ಎಂದು ತಿಳಿಯಲು ರಸ್ತೆಯಲ್ಲಿ ಪೊಲೀಸರನ್ನು ನಿಲ್ಲಿಸಬೇಕಾಗಿಯೂ ಇಲ್ಲ. ಪ್ರತಿ ಚಕ್ಕಡಿಯ ತೂಕ ಕಾರ್ಖಾನೆಯ ಕಾಟಾದಲ್ಲಿಯೇ ದಾಖಲಾಗುತ್ತದೆ. ದಂಡದ ಮೇಲೆ ನನಗೆ ಹೆಚ್ಚಿನ ಭರವಸೆಯಿಲ್ಲ. ಮೂಲ ಕಾಯ್ದೆಯ ಪ್ರಕಾರ ಮೊದಲ ಅಪರಾಧಕ್ಕೆ ವಿಧಿಸುವ ದಂಡ 10 ರೂಪಾಯಿಯಿಂದ 50 ರೂಪಾಯಿ. ವಿಧಿಸಿದರೂ ಅದು ಸಾಲದಲ್ಲಿರುವ ಚಕ್ಕಡಿಯವನ ಜೇಬಿನಿಂದ ಹೋಗುತ್ತದೆ, ಸರದಿಯನ್ನು ಹಾಗೆ ಏರ್ಪಡಿಸಿದವರ ಜೇಬಿನಿಂದಲ್ಲ.

ಆದ್ದರಿಂದ ನನ್ನ ಮೊದಲ ಬೇಡಿಕೆ ಸರದಿಯ ಬಗ್ಗೆ. ಅಂಗಳಕ್ಕೆ ಬಂದ ಚಕ್ಕಡಿಗೆ ಸಂಖ್ಯೆಯ ಟೋಕನ್ ಮತ್ತು ಅಂದಾಜು ಸಮಯ ಕೊಟ್ಟು, ಆ ಸಮಯದವರೆಗೆ ಎತ್ತುಗಳನ್ನು ಪ್ರತ್ಯೇಕವಾದ, ನೆರಳಿರುವ, ಮಣ್ಣಿನ ನೆಲದ ಜಾಗದಲ್ಲಿ ಕಟ್ಟಲು ಕಾರ್ಖಾನೆಗಳಿಗೆ ಸೂಚಿಸಬೇಕು. ನಡುವೆ ಗಾಡಿ ಸರಿಸುವುದಿದ್ದರೆ ಕಾರ್ಖಾನೆಯ ಟ್ರ್ಯಾಕ್ಟರ್ ಸರಿಸಲಿ. ಆ ಜಾಗದಲ್ಲಿ ನೀರಿನ ತೊಟ್ಟಿಗಳಿರಬೇಕು. ಬಿಸಿಲಿನಲ್ಲಿ ದುಡಿಯುವ ಎತ್ತಿಗೆ ದಿನಕ್ಕೆ 40 ಲೀಟರಿಗೂ ಹೆಚ್ಚು ನೀರು ಬೇಕಾಗುವುದರಿಂದ ಕೊಳಾಯಿಯ ಬಳಿ ಬಕೆಟ್ ಇಟ್ಟರೆ ಸಾಲದು. ಅಂಗಳದೊಳಗೆ ಧ್ವನಿವರ್ಧಕ ಪೂರ್ತಿ ನಿಲ್ಲಬೇಕು.

ಎರಡನೆಯದು ಸೋಮವಾರದ ಬಿಡುವು. ಸೋಮವಾರ ಬಸವಣ್ಣನ ವಾರ, ಅಂದು ಎತ್ತು ಹೂಡಬಾರದು ಎಂಬ ರೂಢಿಯನ್ನು ನಮ್ಮ ಹಳ್ಳಿಗಳಲ್ಲಿ ಹಿರಿಯರು ಇಂದಿಗೂ ಪಾಲಿಸುತ್ತಾರೆ. ಸ್ವಂತ ಹೊಲದಲ್ಲಿ ಸೋಮವಾರ ನೇಗಿಲು ಮುಟ್ಟದ ರೈತನ ಎತ್ತುಗಳೇ ಹಂಗಾಮಿನಲ್ಲಿ ಸೋಮವಾರವೂ ಕಬ್ಬು ಎಳೆಯುತ್ತವೆ, ಏಕೆಂದರೆ ಕಾರ್ಖಾನೆ ಹಗಲು ರಾತ್ರಿ ನಡೆಯುತ್ತದೆ ಮತ್ತು ಕಾರ್ಖಾನೆ ಕೊಡುವ ಕಟಾವಿನ ಚೀಟಿ ವಾರ ನೋಡಿ ಬರುವುದಿಲ್ಲ. ಸೋಮವಾರದ ಕಬ್ಬನ್ನು ಟ್ರ್ಯಾಕ್ಟರ್‌ಗಳಿಂದಲೇ ತರಿಸುವಂತೆ ಚೀಟಿ ಹಂಚಿದರೆ ನುರಿಸುವಿಕೆಗೆ ಕೊರತೆಯಾಗದು. ಆ ದಿನ ಎತ್ತಿನ ಕುಟುಂಬದ ಆದಾಯ ತಪ್ಪುವುದರಿಂದ ಕಾರ್ಖಾನೆ ಒಂದು ದಿನದ ಭತ್ಯೆಯನ್ನು ಭರಿಸಬೇಕು. ಇಲ್ಲದಿದ್ದರೆ ಆ ಬಿಡುವು ಕಾಗದದಲ್ಲಿಯೇ ಉಳಿಯುತ್ತದೆ.

ಮೂರನೆಯದು ಇಲಾಖೆಯ ಕೆಲಸ. ಹಂಗಾಮಿನಲ್ಲಿ ವಾರಕ್ಕೊಮ್ಮೆಯಾದರೂ ಪಶುವೈದ್ಯರು ಪ್ರತಿ ಅಂಗಳಕ್ಕೆ ಹೋಗಬೇಕು, ಹೋದಾಗ ಗಾಯ ಮತ್ತು ಲಸಿಕೆಯ ಜೊತೆಗೆ ನಡವಳಿಕೆಯನ್ನೂ ಒಂದು ಪುಟದಲ್ಲಿ ದಾಖಲಿಸಬೇಕು. ಸಂಜೆ ಎತ್ತುಗಳು ಕೊಳ್ಳು ಹರಿದು ಒಂದು ಗಂಟೆಯಾದ ಮೇಲೆ ಹೋದರೆ ಎಷ್ಟು ಮಲಗಿವೆ, ಎಷ್ಟು ಮೆಲುಕು ಹಾಕುತ್ತಿವೆ ಎಂದು ನಿಂತಲ್ಲಿಯೇ ಎಣಿಸಬಹುದು. ಬೆಳಗ್ಗೆ ಹತ್ತು ಗಂಟೆಯ ಭೇಟಿಯಲ್ಲಿ ಅದು ಸಿಗುವುದಿಲ್ಲ. ಪಕ್ಕದ ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನ ಕೊಕಟನೂರಿನಲ್ಲಿರುವ ಪಶುವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳನ್ನು ಇದಕ್ಕೆ ಕರೆಸಿಕೊಂಡರೆ ಇಲಾಖೆಯ ಸಿಬ್ಬಂದಿ ಕೊರತೆಯೂ ಅಡ್ಡಿಯಾಗದು. ಸತತ ಎರಡು ಭೇಟಿಗಳಲ್ಲಿ ಮಂಕಾಗಿ ಕಂಡ ಅಥವಾ ಹೊಸದಾಗಿ ಹಾಯತೊಡಗಿದ ಎತ್ತಿಗೆ ಕೆಲಸದಿಂದ ಕಡ್ಡಾಯ ಬಿಡುವು ಬರೆಯುವ ಅಧಿಕಾರ ವೈದ್ಯರಿಗಿರಬೇಕು, ಆ ಬಿಡುವಿನ ದಿನಗಳಿಗೂ ಮೇಲೆ ಹೇಳಿದ ಭತ್ಯೆ ಸಿಗಬೇಕು. ಎತ್ತುಗಳಿಂದ ಬಂಡಿ ಎಳೆಸುವ ತೆರೆಬಂಡಿ ಸ್ಪರ್ಧೆ, ಕಾರ ಹುಣ್ಣಿಮೆಯ ಎತ್ತಿನ ಓಟಗಳ ಪ್ರಶ್ನೆಯನ್ನು ಬೇಕೆಂದೇ ಇಲ್ಲಿ ಎತ್ತಿಲ್ಲ. ಅವು ವರ್ಷದ ಕೆಲವು ದಿನಗಳ ಮಾತು, ಇದು ತಿಂಗಳುಗಳ ಮಾತು.

ಜಿಲ್ಲಾ ಪ್ರಾಣಿ ದಯಾ ಸಂಘದ ಅಧ್ಯಕ್ಷತೆಯೂ ತಮ್ಮಲ್ಲಿಯೇ ಇರುವುದರಿಂದ ಈ ಮೂರು ಅಂಶಗಳನ್ನು ಹಂಗಾಮು ಪೂರ್ವ ಸಭೆಯ ನಡಾವಳಿಗೆ ಸೇರಿಸಲು ಬೇರೆ ಯಾರ ಅನುಮತಿಯೂ ಬೇಕಾಗಲಾರದು ಎಂದು ಭಾವಿಸುತ್ತೇನೆ. ಎಲ್ಲ ಕಾರ್ಖಾನೆಗಳಲ್ಲಿ ಒಮ್ಮೆಲೇ ಸಾಧ್ಯವಾಗದಿದ್ದರೆ ಚಕ್ಕಡಿಗಳು ಹೆಚ್ಚಾಗಿ ಬರುವ ಎರಡು ಅಂಗಳಗಳಲ್ಲಿ ಈ ವರ್ಷ ಆರಂಭಿಸಿ, ಹಂಗಾಮಿನ ಕೊನೆಯಲ್ಲಿ ದಾಖಲೆಗಳನ್ನು ಸಾರ್ವಜನಿಕರ ಮುಂದಿಡಬೇಕು. ನಡವಳಿಕೆ ದಾಖಲಿಸುವ ಪುಟದ ಮಾದರಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ ಈ ಪತ್ರದ ಪ್ರತಿಯೊಂದಿಗೆ ತಮ್ಮ ಕಚೇರಿಗೆ ಸಲ್ಲಿಸುತ್ತಿದ್ದೇನೆ. ಸಿಬ್ಬಂದಿಗೆ ಅದನ್ನು ತೋರಿಸಿಕೊಡಲು ಯಾವ ತಾಲ್ಲೂಕಿಗೆ ಕರೆದರೂ ಸ್ವಂತ ಖರ್ಚಿನಲ್ಲಿ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪಶುವೈದ್ಯ,
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ